ಮೇಜಿನ ಇನ್ನೊಂದು ತುದಿ

ಜುಲೈ ೩

ಅತ್ತೆಗೆ,

ಕೆಲಸ ಬಿದ್ದಾಗ ಮಾತ್ರ ಕಾಗದ ಬರೆಯುತ್ತಾಳೆ ಎಂದು ನೀವು ಬೈಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲಸ ಬಿದ್ದಿದೆ.

ಸಿನಿಮಾ ಕೋರ್ಸಿನ ಎರಡನೇ ವರ್ಷಕ್ಕೆ ನಾವು ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕು. ಹಾಡು ಸಿಕ್ಕಿದೆ. ಹಾಸ್ಟೆಲಿನ ಹುಡುಗಿಯೊಬ್ಬಳು ತಾನೇ ಬರೆದು ಹಾಡಿದ್ದು, ಮೂರು ನಿಮಿಷ ಹತ್ತು ಸೆಕೆಂಡು. ಇಬ್ಬರು ಗೆಳತಿಯರಲ್ಲಿ ಒಬ್ಬಳು ರೂಮು ಬದಲಾಯಿಸುತ್ತಿದ್ದಾಳೆ. ಇಬ್ಬರೂ ಸೇರಿ ಒಂದು ಮರದ ಮೇಜನ್ನು ಹಳೇ ರೂಮಿನಿಂದ ಹೊಸ ರೂಮಿಗೆ ಹೊತ್ತುಕೊಂಡು ಹೋಗುತ್ತಾರೆ. ಕಥೆ ಅಷ್ಟೇ.

ತೊಂದರೆ ಇರುವುದು ಸ್ಟೋರಿಬೋರ್ಡಿನಲ್ಲಿ. ಇಲ್ಲಿ ಕ್ಯಾಮೆರಾ ಇರುವುದು ಸ್ಟೋರ್ ರೂಮಿನಲ್ಲಿ, ಅದರ ಬೀಗದ ಕೈ ಇರುವುದು ಸ್ಟೋರ್ ಕೀಪರ್ ಸೊಂಟದಲ್ಲಿ. ಹಾಡಿನ ಒಂದೊಂದು ಶಾಟೂ ಮೊದಲು ಕಾಗದದ ಮೇಲೆ, ಒಂದು ಚೌಕದೊಳಗೆ ಚಿತ್ರವಾಗಬೇಕು. ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಡೆಗೆ ಹೋಗುತ್ತಾರೆ, ಹಾಡಿನ ಯಾವ ಸಾಲು, ಎಷ್ಟು ಸೆಕೆಂಡು, ಎಲ್ಲ ಅದರಲ್ಲಿರಬೇಕು. ಮೇಡಂ ಸಹಿ ಹಾಕಬೇಕು, ಆಮೇಲೆ ಸ್ಟೋರ್ ಕೀಪರ್ ಪರಿಶೀಲಿಸಬೇಕು. ಕಾಗದದ ಮೇಲಿಲ್ಲದ ಶಾಟಿಗೆ ಅವರು ಕ್ಯಾಮೆರಾ ಕೊಡುವುದಿಲ್ಲ.

ನಾನು ಬರೆದ ಚಿತ್ರಗಳನ್ನು ನೋಡಿ, ಕ್ಯಾಮೆರಾ ಹಿಡಿಯುವ ನನ್ನ ಜೊತೆಗಾತಿ, ಎತ್ತರದ ದೆಸೆಯಿಂದ ಎಲ್ಲರೂ ಅವಳನ್ನು ಜಿರಾಫೆ ಎನ್ನುತ್ತಾರೆ, "ಇದ್ಯಾಕೆ ಬದನೆಕಾಯಿಗೆ ಕಡ್ಡಿ ಚುಚ್ಚಿದೀಯ?" ಎಂದಳು. ಮೇಜಾದರೂ ಚೆನ್ನಾಗಿ ಬಂದಿದೆ ಅಂದುಕೊಂಡಿದ್ದೆ. ಸ್ಟೋರ್ ಕೀಪರ್ ಅದನ್ನು ಎಮ್ಮೆ ಎಂದರು.

ಒಟ್ಟು ಮೂವತ್ತಾರು ಚೌಕ. ನೀವು ಬರೆದುಕೊಡುತ್ತೀರಾ? ಮೊದಲ ಹನ್ನೆರಡರ ವಿವರ, ನನ್ನ ಬದನೆಕಾಯಿಗಳ ಸಮೇತ, ಇದರ ಜೊತೆಗಿದೆ. ಫೋನ್ ಮಾಡೋಣವೆಂದರೆ, ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಎನ್ನುವವರು ನೀವು.

ನಿಮ್ಮ ಚೂಟಿ


ಜುಲೈ ೧೨

ಚೂಟಿ,

ಬದನೆಕಾಯಿಗಳು ತಲುಪಿದವು. ಎಮ್ಮೆಯೂ ತಲುಪಿತು. ನಿಮ್ಮ ಸ್ಟೋರ್ ಕೀಪರಿಗೆ ಕಣ್ಣು ಚೆನ್ನಾಗಿದೆ.

ಇಪ್ಪತ್ತೇಳು ವರ್ಷದಿಂದ ಶಾಲೆಯ ವಿಜ್ಞಾನ ಪುಸ್ತಕಗಳಿಗೆ ಕಪ್ಪೆ, ಹೃದಯ, ನೀರೆತ್ತುವ ಪಂಪು ಬರೆದವಳಿಗೆ ಇಬ್ಬರು ಹುಡುಗಿಯರು ಯಾವ ದೊಡ್ಡ ವಿಷಯ ಎಂದು ಕೂತೆ. ದೊಡ್ಡ ವಿಷಯವೇ. ಕಪ್ಪೆ ಸುಮ್ಮನೆ ಅಂಗಾತ ಮಲಗಿರುತ್ತದೆ. ನಿನ್ನ ಹುಡುಗಿಯರು ಮೇಜು ಹೊತ್ತು ಮೆಟ್ಟಿಲು ಇಳಿಯುತ್ತಾರೆ.

ನಾಲ್ಕನೇ ಚೌಕಕ್ಕೆ "ಮೇಜು ಬಾಗಿಲಿನಿಂದ ಆಚೆ ಬರುತ್ತದೆ" ಎಂದು ಬರೆದಿದ್ದೀಯ. ಹೇಗೆ ಬರುತ್ತದೆ, ಹಾರಿಕೊಂಡಾ? ಅಷ್ಟಗಲದ ಮೇಜು ಬಾಗಿಲಲ್ಲಿ ನೇರವಾಗಿ ಬರುವುದಿಲ್ಲ. ಮಗ್ಗುಲಾಗಿಸಿ, ಎರಡು ಕಾಲು ಆಚೆ ಹಾಕಿ, ತಿರುಗಿಸಿ, ಆಮೇಲೆ ಉಳಿದೆರಡು. ಹಾಗೇ ಬರೆದಿದ್ದೇನೆ. ಮುಂದೆ ಹಿಡಿದವಳು ಹಿಮ್ಮುಖವಾಗಿ ನಡೆಯುತ್ತಾಳೆ. ಹಿಂದೆ ಹಿಡಿದವಳು ದಾರಿ ಹೇಳುತ್ತಾಳೆ. ಭಾರ ಇಬ್ಬರಿಗೂ ಸಮ, ಕಣ್ಣು ಮಾತ್ರ ಹಿಂದಿನವಳದು. ನಿನ್ನಪ್ಪ ನನ್ನ ಸಾಮಾನನ್ನು ಈ ರೂಮಿಗೆ ಸಾಗಿಸಿದ ದಿನ ಕಲಿತ ಪಾಠ ಇದು. "ಒಬ್ಬಳೇ ಇರೋದು ಬೇಡ ಅಕ್ಕ, ನಮ್ಮನೇಲಿರು" ಎಂದು ಮೆಟ್ಟಿಲ ತುಂಬ ಹೇಳುತ್ತಲೇ ಹೊತ್ತ. ಹೊತ್ತದ್ದಂತೂ ಹೊತ್ತ.

ಮೊದಲ ಹನ್ನೆರಡು ಇದರ ಜೊತೆಗಿವೆ. ಪ್ರೆಸ್‌ನಿಂದ ಹೊಸ ಪುಸ್ತಕ ಬಂದಿದೆ, ಅರವತ್ತು ಚಿತ್ರ. ಮುಂದಿನವು ತಡವಾದರೆ ತಪ್ಪು ಹೃದಯದ್ದು, ನನ್ನದಲ್ಲ.

ನಿನ್ನ ಅತ್ತೆ


ಜುಲೈ ೨೧

ಅತ್ತೆ,

ಸ್ಟೋರ್ ಕೀಪರ್ ನಿಮ್ಮ ಚೌಕಗಳನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. "ಇವರು ಮೇಜು ಹೊತ್ತೋರು" ಎಂದರು. ಅವರ ಬಾಯಿಂದ ಇದು ಪದವಿ ಪ್ರದಾನ ಇದ್ದ ಹಾಗೆ. ಜಿರಾಫೆ ನಾಲ್ಕನೇ ಚೌಕವನ್ನು ತನ್ನ ಮಂಚದ ಮೇಲೆ ಅಂಟಿಸಿಕೊಂಡಿದ್ದಾಳೆ.

ಮುಂದಿನ ಹನ್ನೆರಡಕ್ಕೆ ಒಂದೇ ನಿಯಮ. ಎಡದಿಂದ ಬಲಕ್ಕೆ ಹೊರಟವರು ಕೊನೆಯ ತನಕ ಬಲಕ್ಕೇ ಹೋಗಬೇಕು. ನಡುವೆ ದಿಕ್ಕು ಬದಲಾದರೆ ನೋಡುವವರಿಗೆ ಮನೆಗೆ ವಾಪಸ್ ಹೊರಟ ಹಾಗೆ ಕಾಣುತ್ತದೆ. ಆದ್ದರಿಂದ ಮುಂದಿನವಳು ಯಾವಾಗಲೂ ಚೌಕದ ಬಲಗಡೆ, ಹಿಂದಿನವಳು ಯಾವಾಗಲೂ ಎಡಗಡೆ. ಬೀದಿ, ಉದ್ದನೆಯ ಗೋಡೆ, ಬಸ್ ಸ್ಟಾಪು, ರಸ್ತೆ ದಾಟುವುದು, ಮೇಜಿನ ಮೇಲೇ ಕೂತು ಸುಧಾರಿಸಿಕೊಳ್ಳುವುದು, ಎಲ್ಲದರ ವಿವರ ಬೇರೆ ಹಾಳೆಯಲ್ಲಿದೆ.

ಹೃದಯಕ್ಕೆ ನನ್ನ ಕ್ಷಮಾಪಣೆ ತಿಳಿಸಿ.

ಚೂಟಿ


ಆಗಸ್ಟ್ ೫

ಚೂಟಿ,

ಹದಿಮೂರರಿಂದ ಇಪ್ಪತ್ನಾಲ್ಕರ ತನಕ ಕಳಿಸಿದ್ದೇನೆ. ಗೋಡೆಯದು ನನಗೇ ಇಷ್ಟವಾಯಿತು. ಹಿಂದಿನವಳಿಗೆ ಒಂದು ಜಡೆ ಹಾಕಿದ್ದೇನೆ, ಗಾಳಿಗೆ ಹಾರುತ್ತಿದೆ. ನಿನಗೆ ಬೇಡವಾದರೆ ಕತ್ತರಿಸು.

ಇಲ್ಲಿ ಪ್ರೆಸ್‌ನವರ ಜೊತೆ ಜಗಳ. ಹೃದಯದ ಚಿತ್ರವನ್ನು ವಾಪಸ್ ಕಳಿಸಿದ್ದಾರೆ. ಚಿತ್ರದ ಎಡಗಡೆ ಭಾಗಗಳ ಹೆಸರೇ ಇಲ್ಲವಂತೆ. ನಾನು ಬರೆಯದೆ ಬಿಡುತ್ತೇನಾ? ಸ್ಕ್ಯಾನ್ ಮಾಡುವಾಗ ಅವರೇ ಕತ್ತರಿಸಿರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಿಟ್ಟಿನಲ್ಲಿ ಎದ್ದು ಹೊರಟವಳು ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದುಕೊಂಡೆ. ಈ ತಿಂಗಳಲ್ಲಿ ಮೂರನೇ ಸಲ. ಈ ಮನೆ ಕಟ್ಟಿದವನಿಗೆ ಬಾಗಿಲು ಎಷ್ಟಗಲ ಇರಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಉಳಿದದ್ದೆಲ್ಲ ಮಾಮೂಲು.

ನಿನ್ನ ಅತ್ತೆ


ಆಗಸ್ಟ್ ೧೪

ಅತ್ತೆ,

ನನಗೆ ಒಂದು ಮಾತೂ ಹೇಳದೆ ಎಂಥ ಕೆಲಸ ಮಾಡಿದ್ದೀರಿ. ಮೊದಲು ನನಗೆ ತಿಳಿಯಲೇ ಇಲ್ಲ. ಏನೋ ಮರೆತಿದ್ದೀರಿ ಅಂದುಕೊಂಡೆ. ಆಮೇಲೆ ಹನ್ನೆರಡನ್ನೂ ನೆಲದ ಮೇಲೆ ಸಾಲಾಗಿ ಹಾಸಿದೆವು. ಹದಿನೈದರಲ್ಲಿ ಹಿಂದಿನವಳಿಗೆ ಮುಖವಿಲ್ಲ. ಹದಿನೆಂಟರಲ್ಲಿ ಬರೀ ಕೈ. ಇಪ್ಪತ್ತೊಂದರಿಂದ ಅವಳೇ ಇಲ್ಲ. ಮೇಜಿನ ಎಡ ತುದಿ ನಡುವಿನಲ್ಲೇ ನಿಂತುಹೋಗುತ್ತದೆ, ಅದರಾಚೆ ಖಾಲಿ ಕಾಗದ.

ಮೇಡಂ ತರಗತಿಯಲ್ಲಿ ಎಲ್ಲರ ಮುಂದೆ ಎತ್ತಿ ಹಿಡಿದು ತೋರಿಸಿದರು. "ಇದು ಅಗಲೋ ಹಾಡು. ಅಗಲೋದನ್ನ ಇವರು ಚೌಕದೊಳಗೇ ಮಾಡಿಬಿಟ್ಟಿದಾರೆ. ಒಬ್ಬಳು ಇನ್ನೂ ಹೊತ್ಕೊಂಡಿದಾಳೆ, ಇನ್ನೊಬ್ಬಳು ಆಗ್ಲೇ ಇಲ್ಲ" ಎಂದರು. ನಾನು ನಿಮ್ಮ ಸೋದರ ಸೊಸೆ ಎಂದು ಆ ದಿನವೆಲ್ಲ ನೆಲದ ಮೇಲೆ ಕಾಲಿಡಲಿಲ್ಲ. ಇಡೀ ವಿಡಿಯೋವನ್ನು ಇದೇ ರೀತಿ ತೆಗೆಯುತ್ತೇವೆ. ಎಡಗಡೆ ಖಾಲಿ.

ಅಂದ ಹಾಗೆ ನಿಮ್ಮ ಕಾಗದದಲ್ಲೂ ಮಾರ್ಜಿನ್ ದಿನೇ ದಿನೇ ಅಗಲವಾಗುತ್ತಿದೆ. ಈ ಸಲ ಅರ್ಧ ಹಾಳೆ ಬಿಟ್ಟಿದ್ದೀರಿ. ಅಲ್ಲಿ ನಾನು ಮಾರ್ಕ್ಸ್ ಹಾಕಲೇ?

ಹೆಮ್ಮೆಯಿಂದ,
ಚೂಟಿ


ಆಗಸ್ಟ್ ೩೦

ಚೂಟಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಕೆಲಸವಿತ್ತು.

ನಿಮ್ಮ ಮೇಡಮ್ಮಿಗೆ ಹಿಡಿಸಿದ್ದು ಸಂತೋಷ. ಹೌದು, ಬೇಕೆಂದೇ ಮಾಡಿದ್ದು.

ಆ ಹನ್ನೆರಡರ ನಕಲು ನನ್ನ ಹತ್ತಿರ ಇಲ್ಲ. ಜೆರಾಕ್ಸ್ ಮಾಡಿಸಿ ಕಳಿಸು. ಯಾವ ಯಾವ ಚೌಕದಲ್ಲಿ ಹಿಂದಿನವಳು ಎಷ್ಟೆಷ್ಟು ಇದ್ದಾಳೆ ಎಂದು ಒಂದು ಪಟ್ಟಿಯನ್ನೂ ಮಾಡಿ ಕಳಿಸು. ಸರಿಯಾಗಿ ನೋಡಿ ಮಾಡು. ಮುಂದಿನವಕ್ಕೆ ಹೊಂದಿಸಿಕೊಳ್ಳಲು ಬೇಕು.

ನಿನ್ನಪ್ಪನಿಗೆ ಇದನ್ನೆಲ್ಲ ಹೇಳಲು ಹೋಗಬೇಡ. ಅವನಿಗೆ ಸಿನಿಮಾ ವಿಷಯ ಅರ್ಥವಾಗುವುದಿಲ್ಲ.

ಅತ್ತೆ


ಸೆಪ್ಟೆಂಬರ್ ೬

ಅತ್ತೆ,

ಜೆರಾಕ್ಸ್ ಇದೆ, ಪಟ್ಟಿಯೂ ಇದೆ. ಹದಿಮೂರು, ಹದಿನಾಲ್ಕು: ಪೂರ್ತಿ ಇದ್ದಾಳೆ. ಹದಿನೈದು, ಹದಿನಾರು, ಹದಿನೇಳು: ಮುಖವಿಲ್ಲ. ಹದಿನೆಂಟರಿಂದ ಇಪ್ಪತ್ತು: ಕೈ ಮಾತ್ರ. ಇಪ್ಪತ್ತೊಂದರಿಂದ ಇಪ್ಪತ್ನಾಲ್ಕು: ಯಾರೂ ಇಲ್ಲ. ಜಡೆ ಎಲ್ಲೂ ಕಾಣಲಿಲ್ಲ, ಜಡೆಯನ್ನೂ ಬೇಕೆಂದೇ ಬಿಟ್ಟಿರಿ ತಾನೇ? ನಿಮ್ಮ ಕೆಲಸವನ್ನು ನೀವೇ ಹೀಗೆ ಲೆಕ್ಕ ಇಡುತ್ತೀರಿ ಎಂದು ತಿಳಿದು ಜಿರಾಫೆ ಕೂಡ ಒಂದು ಲೆಕ್ಕದ ಪುಸ್ತಕ ಶುರು ಮಾಡಿದ್ದಾಳೆ.

ಕೊನೆಯ ಹನ್ನೆರಡು ಹೊಸ ರೂಮಿನವು. ಮೇಜು ಒಳಗೆ ಬರುತ್ತದೆ, ಗೋಡೆಗೆ ಒರಗುತ್ತದೆ. ಮೂವತ್ತೊಂದನೆಯದು ಗೋಡೆ ಗಡಿಯಾರ ಮಾತ್ರ, ಇಡೀ ಚೌಕ ತುಂಬ, ಹನ್ನೊಂದು ಗಂಟೆ.

ಅಪ್ಪ ಫೋನ್ ಮಾಡಿ, "ಅಕ್ಕ ಯಾಕೆ ಫೋನ್ ಎತ್ತಲ್ಲ, ಏನ್ ಸಮಾಚಾರ?" ಎಂದು ಕೇಳಿದರು. ಚಿತ್ರದಲ್ಲಿ ಮುಳುಗಿದ್ದಾರೆ ಎಂದೆ. ಬೇರೇನೂ ಹೇಳಲಿಲ್ಲ.

ಚೂಟಿ


ಸೆಪ್ಟೆಂಬರ್ ೨೪

ಚೂಟಿ,

ಹನ್ನೆರಡೂ ಇವೆ. ಒಂದೊಂದನ್ನೂ ಮೂರು ಮೂರು ಸಲ ಬರೆದಿದ್ದೇನೆ. ಗಡಿಯಾರದಲ್ಲಿ ಅಂಕಿಗಳು ಹನ್ನೆರಡೂ ಇವೆಯಾ ಎಣಿಸಿ ನೋಡು. ನಾನೂ ಎಣಿಸಿದೆ.

ಹೊಸ ಪುಸ್ತಕದ ಉಳಿದ ಚಿತ್ರಗಳನ್ನು ಪ್ರೆಸ್‌ನವರು ಕಂಪ್ಯೂಟರಿನಲ್ಲಿ ಮಾಡಿಸಿಕೊಳ್ಳುತ್ತಾರಂತೆ. ಒಳ್ಳೆಯದಾಯಿತು, ನನಗೂ ಬಿಡುವು ಬೇಕಿತ್ತು.

ನಿನ್ನ ಶೂಟಿಂಗ್ ಯಾವತ್ತು? ಅದು ಮುಗಿದ ದಿನ ಒಂದು ಸಾಲು ಬರೆ. ನನಗೆ ಒಂದು ಕೆಲಸವಿದೆ, ಅಲ್ಲಿಯ ತನಕ ಮುಂದೂಡಿದ್ದೇನೆ.

ಅತ್ತೆ


ಅಕ್ಟೋಬರ್ ೧

ಅತ್ತೆ,

ಎಣಿಸಿದೆ, ಹನ್ನೆರಡೂ ಇವೆ. ಎಲ್ಲವೂ ಬಲಗಡೆಯ ಅರ್ಧದಲ್ಲೇ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿವೆ, ಎಡಗಡೆ ಅರ್ಧ ಬೋಳು. ಇದು ಹೇಗೆ ಹೊಳೆಯಿತು ನಿಮಗೆ? ಜಿರಾಫೆ ಒಂದು ಹಳೇ ಗಡಿಯಾರ ತಂದು, ಅಂಕಿಗಳನ್ನೆಲ್ಲ ಕೆರೆದು, ನೀವು ಬರೆದ ಹಾಗೇ ಬಲಗಡೆಗೆ ಹೊಸದಾಗಿ ಬರೆದಿದ್ದಾಳೆ. ಎರಡು ದಿನ ಹಿಡಿಯಿತು. ಗಂಟೆ ಎಷ್ಟೆಂದು ಯಾರಿಗೂ ಹೇಳಲಾಗುವುದಿಲ್ಲ, ಆದರೆ ನೋಡಲು ಸೊಗಸಾಗಿದೆ.

ಶೂಟಿಂಗ್ ಇಪ್ಪತ್ತನೇ ತಾರೀಕು. ಮೇಡಂ ಎಲ್ಲದಕ್ಕೂ ಸಹಿ ಹಾಕಿದ್ದಾರೆ. ನಾಳೆ ಸ್ಟೋರ್ ಕೀಪರ್ ನೋಡಿದರೆ ಮುಗಿಯಿತು.

ನಿಮ್ಮ ಆ ಕೆಲಸ ಏನು?

ಚೂಟಿ


ಅಕ್ಟೋಬರ್ ೨

ಅತ್ತೆ,

ಬೆಳಿಗ್ಗೆಯಿಂದ ಒಂಬತ್ತು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಇದನ್ನು ಅರ್ಜೆಂಟ್ ಕೊರಿಯರಿಗೆ ಕೊಡುತ್ತಿದ್ದೇನೆ.

ಸ್ಟೋರ್ ಕೀಪರ್ ಮೂವತ್ತಾರು ಚೌಕಗಳನ್ನೂ ನೋಡಿದರು. ಗಡಿಯಾರಕ್ಕೆ ಬಂದಾಗ ನಿಂತರು. ಮತ್ತೆ ಒಂದನೆಯದರಿಂದ ಶುರು ಮಾಡಿದರು. ಆಮೇಲೆ ನನ್ನನ್ನು ಕೇಳಿದರು, "ಇದನ್ನ ಬರೆದೋರು ಊಟ ಹೇಗೆ ಮಾಡ್ತಾರೆ?"

ನನಗೆ ಅರ್ಥವಾಗಲಿಲ್ಲ. ಅವರು ಸ್ಟೂಲ್ ಎಳೆದು ನನ್ನನ್ನು ಕೂರಿಸಿದರು.

"ನಮ್ಮನೆಯವಳು ತಟ್ಟೇಲಿ ಬಲಗಡೆದು ಮಾತ್ರ ತಿಂದು, ಇನ್ನೂ ಹಸಿವು, ಬಡಿಸಿ ಅಂತಿದ್ಲು. ಎಡಗಡೆದು ಹಾಗೇ ಇರ್ತಿತ್ತು. ಚೇಷ್ಟೆ ಮಾಡ್ತಾಳೆ ಅಂತ ನಾಲ್ಕು ತಿಂಗಳು ನಕ್ಕೆ ಕಣಮ್ಮ. ಕಣ್ಣು ಸರಿಯಾಗೇ ಇತ್ತು. ತಲೆಯೊಳಗೆ ಗಡ್ಡೆ. ಎಡಗಡೆ ಅಂತ ಒಂದಿದೆ ಅನ್ನೋದೇ ಅವಳಿಗೆ ಮರೆತು ಹೋಗಿತ್ತು. ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ತಡವಾಗಿತ್ತು." ಅವರು ಕ್ಯಾಮೆರಾವನ್ನು ಎತ್ತಿ ಒಳಗಿಟ್ಟರು. "ಕ್ಯಾಮೆರಾ ಎಲ್ಲಿಗೂ ಓಡಿ ಹೋಗಲ್ಲ. ಮೊದಲು ಮನೆಗೆ ಫೋನ್ ಮಾಡು" ಎಂದು ಬೀಗ ಹಾಕಿದರು.

ರೂಮಿಗೆ ಬಂದು ನಿಮ್ಮ ಕಾಗದಗಳನ್ನೆಲ್ಲ ತೆಗೆದೆ. ಭುಜ, ಬಾಗಿಲು, ಹೃದಯದ ಹೆಸರುಗಳು, ಮಾರ್ಜಿನ್. ಎಲ್ಲವನ್ನೂ ನೀವು ಬರೆದೇ ಇದ್ದೀರಿ. ನಾನು ಓದಿ ನಕ್ಕಿದ್ದೇನೆ. ಅದಕ್ಕೆ ಚಪ್ಪಾಳೆ ಹೊಡೆಸಿದ್ದೇನೆ.

ನನಗೆ ಹೆದರಿಕೆಯಾಗುತ್ತಿದೆ ಅತ್ತೆ. ನಾಚಿಕೆಯೂ ಆಗುತ್ತಿದೆ. ನೀವು ಊಟ ಹೇಗೆ ಮಾಡುತ್ತೀರಿ? ಐದನೇ ತಾರೀಕಿನೊಳಗೆ ಉತ್ತರ ಬರದಿದ್ದರೆ ಅಪ್ಪನಿಗೆ ಹೇಳುತ್ತೇನೆ.

ಚೂಟಿ


ಅಕ್ಟೋಬರ್ ೪

ಚೂಟಿ,

ಊಟ ತಟ್ಟೆ ತಿರುಗಿಸಿಕೊಂಡು ಮಾಡುತ್ತೇನೆ.

ನನಗೆ ಗೊತ್ತಾಗಿದ್ದು ನಿನ್ನಿಂದಲೇ. ಹಿಂದಿನವಳನ್ನು ತೆಗೆದುಬಿಟ್ಟಿರಿ ಎಂದು ನೀನು ಹೊಗಳಿ ಬರೆದಾಗ ತಮಾಷೆ ಅಂದುಕೊಂಡೆ. ನಾನು ಅವಳನ್ನು ಬರೆದಿದ್ದೆನಲ್ಲ. ಜೆರಾಕ್ಸ್ ಬಂದ ಮೇಲೂ ಸರಿಯಾಗಿಯೇ ಕಂಡಿತು. ಆಮೇಲೆ ನಿನ್ನ ಪಟ್ಟಿ ಹಿಡಿದು ಒಂದೊಂದನ್ನೂ ತಲೆಕೆಳಗು ಮಾಡಿ ನೋಡಿದೆ. ಎಡಗಡೆ ಬಲಕ್ಕೆ ಬಂತು. ಅಲ್ಲಿ ಯಾರೂ ಇರಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಚಿತ್ರ ಬರೆಯುವುದು ಬಿಟ್ಟು ನನ್ನ ಕೈಯಲ್ಲಿ ಬೇರೆ ವಿದ್ಯೆಯಿಲ್ಲ. ಈ ರೂಮಿನ ಬೀಗದ ಕೈ ನನ್ನ ಹತ್ತಿರ ಇರುವುದು ಆ ವಿದ್ಯೆಯಿಂದ. ಡಾಕ್ಟರ ಹತ್ತಿರ ಹೋದರೆ ಅವರು ಇದಕ್ಕೊಂದು ಹೆಸರು ಹೇಳುತ್ತಾರೆ. ಹೆಸರು ಬಿದ್ದ ಮೇಲೆ ನಿನ್ನಪ್ಪ ಗಾಡಿ ತಂದು ನನ್ನನ್ನೂ ನನ್ನ ಚಿತ್ರದ ಮೇಜನ್ನೂ ಒಟ್ಟಿಗೇ ಹೊತ್ತುಕೊಂಡು ಹೋಗುತ್ತಾನೆ. ಅದಕ್ಕೇ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ದಿನ ದೂಡಿದೆ. ಪ್ರೆಸ್‌ನವರು ಕೆಲಸ ಕಿತ್ತುಕೊಂಡದ್ದು ಕೂಡ ನಿನಗೆ ಬಿಡುವು ಎಂದು ಬರೆದೆ.

ಇನ್ನೊಂದು ಕಾರಣವಿದೆ, ಹೇಳಲು ನಾಚಿಕೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಕಪ್ಪೆಯನ್ನು ಒಬ್ಬರೂ ಹೊಗಳಿರಲಿಲ್ಲ. ನಿಮ್ಮ ಮೇಡಂ ಎಲ್ಲರ ಮುಂದೆ ಎತ್ತಿ ಹಿಡಿದು ತೋರಿಸಿದರು ಎಂದು ನೀನು ಬರೆದೆ. ಅದು ನನ್ನ ಜಾಣತನವಲ್ಲ, ಕಾಯಿಲೆ ಎಂದು ಹೇಳಲು ಬಾಯಿ ಬರಲಿಲ್ಲ. ನಿನ್ನ ಶೂಟಿಂಗ್ ಮುಗಿಯಲಿ, ಆಮೇಲೆ ತೋರಿಸಿಕೊಳ್ಳೋಣ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ನಿನ್ನಪ್ಪನಿಗೆ ಹೇಳಬೇಡ ಎಂದು ಬರೆಯಲು ಕೂತಿದ್ದೆ. ಬರೆಯುವುದಿಲ್ಲ. ನಿನ್ನೆ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಬಸ್ಸು ನನಗೆ ಕೇಳಿಸಿತು, ಕಾಣಲಿಲ್ಲ.

ಅತ್ತೆ


ನವೆಂಬರ್ ೧೮

ಅತ್ತೆ,

ಹಾಸ್ಟೆಲಿಗೆ ಬಂದು ತಲುಪಿದೆ. ಆರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದಕ್ಕೋ ಏನೋ, ಮಂಚ ತೀರಾ ಮೆತ್ತಗಿದೆ.

ಡಾಕ್ಟರ್ ಅಪ್ಪನಿಗೂ ನನಗೂ ಹೇಳಿದ್ದನ್ನು ನಿಮಗೂ ಬರೆಯುತ್ತೇನೆ. ಇನ್ನು ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುವುದು ಬೇಡ. ಗಡ್ಡೆ ಕೆಟ್ಟದ್ದಲ್ಲ, ಪೂರ್ತಿ ತೆಗೆದಿದ್ದಾರೆ. ಇನ್ನೆರಡು ತಿಂಗಳು ಕಳೆದಿದ್ದರೆ ಆಗುತ್ತಿರಲಿಲ್ಲವಂತೆ. ಆದರೆ ಎಡಗಡೆ ತಾನಾಗಿ ವಾಪಸ್ ಬರುವುದಿಲ್ಲ. ಅಭ್ಯಾಸ ಮಾಡಿ ಮಾಡಿ ಕಲಿಯಬೇಕು. ಮೊದಲಿನ ಹಾಗೆ ಚಿತ್ರ ಬರೆಯಬಲ್ಲರೇ ಎಂದು ಅಪ್ಪ ಕೇಳಿದರು. "ಆರು ತಿಂಗಳು ಬಿಟ್ಟು ಕೇಳಿ" ಎಂದರು ಡಾಕ್ಟರ್.

ಆಪರೇಷನ್ ಆದ ಮೂರನೇ ದಿನ ನಾನು ನಿಮ್ಮ ಎಡಗಡೆ ಕೂತಿದ್ದೆ. ನಿಮ್ಮ ಕೈ ಹಿಡಿದುಕೊಂಡಿದ್ದೆ. ನೀವು ಅಪ್ಪನನ್ನು "ಚೂಟಿ ಬರಲೇ ಇಲ್ವಾ?" ಎಂದು ಕೇಳಿದಿರಿ. ಅಪ್ಪ ಕಿಟಕಿ ಕಡೆ ತಿರುಗಿಕೊಂಡರು. ನಾನು ಎದ್ದು ಮಂಚ ಸುತ್ತಿ ಬಲಗಡೆಗೆ ಬಂದೆ. ಆಗ "ಈಗ ಬಂದ್ಯಾ?" ಎಂದಿರಿ. ಇದನ್ನು ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಟ್ಟೆ.

ವಿಡಿಯೋ ಮುಗಿಸಲು ಡಿಸೆಂಬರ್ ಹದಿನೈದರ ತನಕ ನಮಗೆ ಸಮಯ ಕೊಟ್ಟಿದ್ದಾರೆ. ವಿಷಯ ತಿಳಿದ ಮೇಲೆ ಮೇಡಂ, "ಈಗ ಆ ಚಿತ್ರಗಳಿಗೆ ಇನ್ನೂ ಅರ್ಥ ಬಂದಿದೆ. ಒಬ್ಬಳನ್ನೇ ಇಟ್ಟು ತೆಗೀರಿ, ಕೊನೇಲಿ ಅವರ ವಿಷಯ ಹಾಕಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ಚೆನ್ನಾಗಿಯೂ ಬರುತ್ತದೆ. ಆದರೆ ನನ್ನ ಕೈ ಏಳುತ್ತಿಲ್ಲ. ಏನು ಮಾಡಲಿ?

ಚೂಟಿ


ಡಿಸೆಂಬರ್ ೧

ಚೂಟಿ,

ಅರ್ಥ ಬಂದಿದೆಯಂತೆ. ಹೃದಯದ ಚಿತ್ರದಲ್ಲಿ ಎಡಗಡೆ ಹೆಸರಿಲ್ಲದಿದ್ದಾಗ ಪ್ರೆಸ್‌ನವರು ಅದನ್ನು ತಪ್ಪು ಎಂದರು. ಅವರು ಹೇಳಿದ್ದೇ ಸರಿ. ಆ ಪುಟ ನೋಡಿ ಓದಿದ ಮಕ್ಕಳು ಫೇಲಾಗುತ್ತಿದ್ದರು.

ನಾನು ಇಬ್ಬರನ್ನು ಬರೆದೆ. ಬರೆಯುವಾಗ ಇಬ್ಬರೂ ಇದ್ದರು. ನೀವು ತೆಗೆಯಲು ಹೊರಟಿರುವುದು ನಾನು ಬರೆದದ್ದನ್ನಲ್ಲ, ನನಗೆ ಬರೆಯಲಾಗದ್ದನ್ನು. ಹಾಗೆಂದು ಸಿನಿಮಾ ನನ್ನದಲ್ಲ, ನಿನ್ನದು. ನನ್ನ ಮೇಲಿನ ಕನಿಕರಕ್ಕೆ ಏನನ್ನೂ ಬದಲಾಯಿಸಬೇಡ. ಒಂದು ಕೆಲಸ ಮಾಡು. ಆ ಮೇಜನ್ನು ಒಬ್ಬಳ ಕೈಲಿ ಎತ್ತಿಸಿ ನೋಡು. ಎದ್ದರೆ ಮೇಡಂ ಹೇಳಿದ ಹಾಗೇ ತೆಗಿ.

ಇಲ್ಲಿ ನಿಮ್ಮನೆಯಲ್ಲಿ ನಿನ್ನಪ್ಪ ಪ್ರತಿಯೊಂದರ ಎಡ ಅಂಚಿಗೂ ಕೆಂಪು ಪಟ್ಟಿ ಅಂಟಿಸಿದ್ದಾನೆ. ತಟ್ಟೆಗೆ, ಬಾಗಿಲಿಗೆ, ಪೇಪರಿಗೆ, ಕನ್ನಡಿಗೆ. ಮನೆಯೇ ಪಾರ್ಸೆಲ್ ಆದ ಹಾಗಿದೆ. ಕೆಂಪು ಕಾಣುವ ತನಕ ತಿರುಗಬೇಕು, ಆಮೇಲೆ ಕೆಲಸ ಶುರು ಮಾಡಬೇಕು. ಅದೇ ವ್ಯಾಯಾಮ. ಒಬ್ಬಳೇ ಇರಬೇಡ ಎಂದು ಈಗ ಅವನು ಹೇಳುತ್ತಿಲ್ಲ. ಅದೇ ನನಗೆ ಹೆಚ್ಚು ಕಷ್ಟ. ನನ್ನ ರೂಮಿನ ಬೀಗದ ಕೈ ದಿಂಬಿನ ಕೆಳಗೇ ಇದೆ.

ಹದಿನೈದು, ಹದಿನಾರು, ಹದಿನೇಳು ಮತ್ತೆ ಬರೆದಿದ್ದೇನೆ. ಮೂರಕ್ಕೆ ಹನ್ನೊಂದು ದಿನ. ಉಳಿದದ್ದು ನನ್ನಿಂದಾಗಲಿಲ್ಲ.

ನಿನ್ನ ಅತ್ತೆ


ಡಿಸೆಂಬರ್ ೨೨

ಅತ್ತೆ,

ಒಬ್ಬಳ ಕೈಲಿ ಎತ್ತಿಸಿದೆ. ಹಾಡಿದ ಹುಡುಗಿ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಇನ್ನೊಂದು ತುದಿ ನೆಲಕ್ಕೆ ಬಂತು, ಜಿರಾಫೆಯ ಹೆಬ್ಬೆರಳ ಮೇಲೆ. ದಾರ ಕಟ್ಟಿ, ಚಕ್ರ ಹಾಕಿ, ಏನೇನೋ ಮಾಡಬಹುದಿತ್ತು. ಮಾಡಲಿಲ್ಲ. ಇಬ್ಬರನ್ನೂ ಇಟ್ಟು ತೆಗೆದೆವು.

ನೀವು ಮತ್ತೆ ಬರೆದ ಮೂರು ಚೌಕ ಬಿಟ್ಟು, ಎಡಗಡೆ ಖಾಲಿಯಿದ್ದ ಉಳಿದವನ್ನೆಲ್ಲ ನಾನೇ ಬರೆದೆ. ಸ್ಟೋರ್ ಕೀಪರ್ ನನ್ನ ಬದನೆಕಾಯಿಗಳಿಗೆ ಸಹಿ ಹಾಕಿದರು. "ಎಣಿಕೆ ಸರಿಯಿದೆ" ಎಂದರು. ನಿಮ್ಮ ಆರೋಗ್ಯ ಕೇಳಿದರು, ಪ್ರತಿ ವಾರ ಕೇಳುತ್ತಾರೆ.

ಮೇಡಂ ನೋಡಿ, "ಚೆನ್ನಾಗಿದೆ, ಆದರೆ ಮೊದಲಿನದು ಚೆನ್ನಾಗಿತ್ತು" ಎಂದರು. ಹತ್ತು ತಂಡಗಳಲ್ಲಿ ನಮ್ಮದು ಆರನೆಯದು. ಮೊದಲ ಸಂಜೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಮಾರನೆಯ ದಿನ ಬರಲಿಲ್ಲ.

ಪೆನ್ ಡ್ರೈವ್ ಕಳಿಸಿದ್ದೇನೆ. ಅಪ್ಪನ ಟಿವಿಗೆ ಹಾಕಿ ನೋಡಿ. ಕಂಡದ್ದನ್ನು ಮಾತ್ರ ಬರೆಯಿರಿ. ನನ್ನ ಸಮಾಧಾನಕ್ಕೆ ಏನನ್ನೂ ಸೇರಿಸಬೇಡಿ.

ಚೂಟಿ


ಜನವರಿ ೬

ಚೂಟಿ,

ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲ ಸಲ ನೋಡಿದಾಗ ಒಬ್ಬಳು ಹುಡುಗಿ ಮೇಜು ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದಳು. ನನಗೆ ಸಿಟ್ಟು ಬಂತು. "ಇಬ್ಬರನ್ನಿಟ್ಟು ತೆಗೆದೆ ಅಂತ ಬರೆದು, ಒಬ್ಬಳನ್ನೇ ಇಟ್ಟಿದಾಳೆ ನೋಡು ನಿನ್ನ ಮಗಳು" ಎಂದೆ. ನಿನ್ನಪ್ಪ ಸುಮ್ಮನಿದ್ದದ್ದು ನೋಡಿ ನನಗೆ ತಿಳಿಯಿತು. ಅವನು ಎದ್ದು ಟಿವಿಯನ್ನು ಸ್ಟ್ಯಾಂಡ್ ಸಮೇತ ನನ್ನ ಬಲಗಡೆಗೆ ತಳ್ಳಿ ಮತ್ತೆ ಹಾಕಿದ.

ಎರಡನೇ ಸಲ ಹಿಂದಿನವಳು ಕಂಡಳು. ಭಾರಕ್ಕೆ ಮುಖ ಕೆಂಪಾಗಿದೆ. ಬಾಗಿಲಿನ ಹತ್ತಿರ ತುಟಿ ಕಚ್ಚಿಕೊಂಡು ದಾರಿ ಹೇಳುತ್ತಾಳೆ. ಹೊಸ ರೂಮಿನಲ್ಲಿ ಮೇಜು ಇಳಿಸಿದ ಮೇಲೆ ಅಂಗೈ ನೋಡಿಕೊಳ್ಳುತ್ತಾಳೆ. ಹುಡುಗಿ ಚೆನ್ನಾಗಿ ಮಾಡಿದ್ದಾಳೆ. ನನಗೆ ಅಳು ಬಂತು. ನಿನ್ನಪ್ಪನಿಗೂ ಬಂತು, ಅವನು ಕೆಮ್ಮಿದ.

ಆಮೇಲೆ ಪ್ರೆಸ್‌ಗೆ ಕಾಗದ ಬರೆದೆ. ಹೃದಯದ ಚಿತ್ರದ ತಪ್ಪು ನನ್ನದೇ ಎಂದೂ, ಬರುವ ವರ್ಷದ ಪುಸ್ತಕಕ್ಕೆ ನನ್ನನ್ನು ನೆಚ್ಚಿಕೊಳ್ಳಬೇಡಿ ಎಂದೂ ಬರೆದೆ. ಅದರ ಮುಂದಿನ ವರ್ಷದ ಮಾತು ಬರೆಯಲಿಲ್ಲ. ಅದು ನನಗೂ ಗೊತ್ತಿಲ್ಲ.

ಇವತ್ತು ನಿನ್ನಪ್ಪ ಕೆಲಸಕ್ಕೆ ಹೋಗುವ ಮೊದಲು ಟಿವಿಯನ್ನು ಹಳೇ ಜಾಗಕ್ಕೆ ತಳ್ಳಿ ಹೋಗಿದ್ದ. ನಾನೊಬ್ಬಳೇ ಹಾಕಿಕೊಂಡು ಕೂತೆ. ಮತ್ತೆ ಒಬ್ಬಳೇ ಹುಡುಗಿ. ಗೋಡೆಯ ಶಾಟ್ ಬಂತು. ಟಿವಿಯ ಅಂಚಿಗೆ ಅವನು ಪಟ್ಟಿ ಅಂಟಿಸಿಲ್ಲ, ಮರೆತಿದ್ದಾನೆ. ಆದರೆ ಮೇಜು ನೆಟ್ಟಗಿತ್ತು. ಒಬ್ಬಳೇ ಹಿಡಿದ ಮೇಜು ಹಾಗೆ ನೆಟ್ಟಗಿರುವುದಿಲ್ಲ. ಇನ್ನೊಂದು ತುದಿಯನ್ನು ಯಾರೋ ಎತ್ತಿದ್ದಾರೆ ಎಂದು ಕತ್ತು ತಿರುಗಿಸಿದೆ. ಕಾಣಲಿಲ್ಲ. ಇನ್ನೂ ತಿರುಗಿಸಿದೆ. ಇದ್ದಳು.

ನಿನ್ನ ಅತ್ತೆ